ಹೊಸ ಮೈಗೆ ಹಳೇ ಫ್ಯಾಷನ್

1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂತು. ಅತ್ತ ಅಮೆರಿಕದಲ್ಲಿ 1940ರಲ್ಲಷ್ಟೇ ಅಂಗಡಿಗೆ ಬಂದಿದ್ದ ನೈಲಾನ್ ಸ್ಟಾಕಿಂಗ್ಸ್, ದೇಶ ಯುದ್ಧಕ್ಕಿಳಿದ ಮೇಲೆ ಮಾಯವಾಯಿತು. ನೈಲಾನೆಲ್ಲ ಪ್ಯಾರಾಚೂಟಿನ ಪಾಲು. ಆಗಿನ ಸ್ಟಾಕಿಂಗ್ಸಿಗೆ ಹಿಮ್ಮಡಿಯಿಂದ ತೊಡೆಯವರೆಗೆ ಹಿಂಬದಿಯಲ್ಲಿ ಒಂದು ಹೊಲಿಗೆ ಗೆರೆ ಇರುತ್ತಿತ್ತು. ಮರ್ಯಾದಸ್ಥ ಹೆಣ್ಣು ಬರಿಗಾಲಲ್ಲಿ ಬಂದಿಲ್ಲ ಎನ್ನುವುದಕ್ಕೆ ಅದೇ ಗುರುತು. ಸ್ಟಾಕಿಂಗ್ಸ್ ಸಿಗದ ಹೆಂಗಸರು ಕಾಲಿಗೆ ಕಂದು ಬಣ್ಣ ಬಳಿದುಕೊಂಡು, ಹುಬ್ಬು ತಿದ್ದುವ ಪೆನ್ಸಿಲ್ಲಿನಿಂದ ಮೀನಖಂಡದ ಮೇಲೆ ಆ ಗೆರೆ ಎಳೆದುಕೊಂಡರು. ತನ್ನ ಕಾಲಿನ ಹಿಂಭಾಗಕ್ಕೆ ತಾನೇ ನೆಟ್ಟಗೆ ಗೆರೆ ಎಳೆಯುವುದು ಆಗದ ಮಾತು. ಅಕ್ಕನೋ ತಂಗಿಯೋ ಗೆಳತಿಯೋ ಕೂತು ಎಳೆದುಕೊಡಬೇಕಿತ್ತು.

ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕದಲ್ಲಿ ಇವತ್ತಿಗೂ ಸ್ಟಾಕಿಂಗ್ಸ್ ತೊಡುವುದೆಂದರೆ ಇಷ್ಟೇ. ಅಲ್ಲಿ ಅದು ಬಟ್ಟೆಯಲ್ಲ, ಕಾಲಿನ ಚರ್ಮದ ಚಿತ್ರದ ಮೇಲೆ ಅಂಟಿಸುವ ಇನ್ನೊಂದು ಚಿತ್ರ. ಚಪ್ಪಟೆ ಹಾಳೆಯ ಮೇಲೆ ವಿನ್ಯಾಸಕಿ ನೇರ ಗೆರೆ ಎಳೆದಿರುತ್ತಾಳೆ. ಆ ಹಾಳೆಯನ್ನು ಮೂರು ಆಯಾಮದ ಕಾಲಿಗೆ ಸುತ್ತಿದಾಗ ಮೊಣಕಾಲಿನ ಹಿಂಬದಿಯಲ್ಲಿ ಗೆರೆ ಸ್ವಲ್ಪ ಕೊಂಕುತ್ತದೆ. ಮೀನಖಂಡವನ್ನು ದಪ್ಪ ಮಾಡಿಕೊಂಡ ಅವತಾರದ (ಅಲ್ಲಿ ನಮ್ಮ ಪರವಾಗಿ ಓಡಾಡುವ ಬೊಂಬೆಯ) ಮೇಲೆ ಇನ್ನಷ್ಟು. ಪೆನ್ಸಿಲ್ಲಿನ ಗೆರೆ ಸೊಟ್ಟಗಾದರೆ ಅಳಿಸಿ ಮತ್ತೆ ಎಳೆಯಬಹುದಿತ್ತು. ಇಲ್ಲಿ ವಿನ್ಯಾಸಕಿಯೇ ಹಾಳೆಯ ಮೇಲೆ ಮೊದಲೇ ಅಷ್ಟು ಸೊಟ್ಟಗೆ ಎಳೆದು, ಕಾಲಿನ ಮೇಲೆ ನೆಟ್ಟಗೆ ಕಾಣುವಂತೆ ಮಾಡಬೇಕು. ಈ ಗೆರೆ ಸರಿಯಿದ್ದರೆ ಆಕೆಯ ಅಂಗಡಿಯ ಉಳಿದ ಸರಕನ್ನೂ ನಂಬಬಹುದು.

ಸ್ಯಾನ್ ಫ್ರಾನ್ಸಿಸ್ಕೊದ ಲಿಂಡನ್ ಲ್ಯಾಬ್ ಕಂಪನಿ ಈ ಲೋಕದ ಬಾಗಿಲು ತೆರೆದದ್ದು 2003ರ ಜೂನ್ 23ರಂದು. ಗೆಲ್ಲುವುದಕ್ಕೆ, ಕೊಲ್ಲುವುದಕ್ಕೆ, ಅಂಕ ಗಳಿಸುವುದಕ್ಕೆ ಏನೂ ಇಲ್ಲದ್ದರಿಂದ ಇದನ್ನು ಗೇಮ್ ಎನ್ನಲಾಗದು. ಹೋಗುತ್ತೀರಿ, ಒಂದು ಮೈ ಮಾಡಿಕೊಳ್ಳುತ್ತೀರಿ, ಓಡಾಡುತ್ತೀರಿ. ಅಲ್ಲಿನ ಮನೆ, ಮರ, ಕುರ್ಚಿ, ಕೂದಲು, ಕಿವಿಯೋಲೆ ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ಮಾರುವವರು ಅಲ್ಲಿನ ನಿವಾಸಿಗಳೇ. ತಾವು ಮಾಡಿದ್ದರ ಹಕ್ಕು ಮಾಡಿದವರದೇ ಎಂದು ಕಂಪನಿ ಮೊದಲ ವರ್ಷವೇ ಒಪ್ಪಿಕೊಂಡಿತು. ಬಟ್ಟೆ ಅಂಗಡಿಗಳು ಹುಲುಸಾಗಿ ಬೆಳೆದದ್ದು ಅದರಿಂದ. ಹೊರಗಿನ ದೊಡ್ಡ ಬ್ರಾಂಡ್‌ಗಳೂ ಕೈಹಾಕಿದವು. ಅಮೆರಿಕನ್ ಅಪ್ಯಾರೆಲ್ 2006ರಲ್ಲಿ ಅಲ್ಲೊಂದು ಮಳಿಗೆ ತೆರೆದು ಮರುವರ್ಷವೇ ಮುಚ್ಚಿತು. ಆಶ್ಚರ್ಯವೇನಿಲ್ಲ. ರೆಕ್ಕೆ ಕಟ್ಟಿಕೊಂಡು ಹಾರಬಲ್ಲವರಿಗೆ, ಪಕ್ಕದ ಬೀದಿಯಲ್ಲೇ ಮಣಿ ಪೋಣಿಸಿದ ಗೌನು ಸಿಗುವಾಗ, ಅವರ ಸಾದಾ ಟೀ-ಶರ್ಟು ಯಾಕೆ ಬೇಕು?

ಗೌನು ಎಂದೆ. ಈ ಲೋಕದಲ್ಲಿ ಹಳೇ ಕಾಲದ ಉಡುಗೆಗೆ ಮೊದಲಿನಿಂದಲೂ ದೊಡ್ಡ ಅಭಿಮಾನಿ ಬಳಗವಿದೆ. ಇಪ್ಪತ್ತರ ದಶಕದ ಫ್ಲಾಪರ್ ಹುಡುಗಿಯರ ಫ್ರಾಕು, ನಲವತ್ತರ ದಶಕದ ಆಫೀಸಿನ ಸೂಟು, ಐವತ್ತರ ದಶಕದ ಚುಕ್ಕಿ ಫ್ರಾಕು. ಆದರೆ ಆರಂಭದ ವರ್ಷಗಳಲ್ಲಿ ಇವನ್ನು ಹೊಲಿಯುವುದು ಸರ್ಕಸ್ಸೇ. ಬಟ್ಟೆಯೆಂದರೆ ಮೈಗೆ ಬಳಿದ ಬಣ್ಣ, ಅಷ್ಟೇ. ಮೈಮೇಲ್ಭಾಗಕ್ಕೆ ಒಂದು ಚಿತ್ರ, ಕೆಳಭಾಗಕ್ಕೆ ಇನ್ನೊಂದು, ಎರಡೂ ಸೊಂಟದಲ್ಲಿ ಕೂಡಬೇಕು. ಚೌಕುಳಿ ಬಟ್ಟೆಯಾದರೆ ಚೌಕ ಕೂಡುತ್ತಿರಲಿಲ್ಲ. ಚುಕ್ಕಿ ಬಟ್ಟೆಯಾದರೆ ಎದೆಯ ಮೇಲೆ ದುಂಡಗಿದ್ದ ಚುಕ್ಕಿ ಕಂಕುಳ ಹತ್ತಿರ ಹೋಗುವಷ್ಟರಲ್ಲಿ ಮೊಟ್ಟೆಯಾಗುತ್ತಿತ್ತು. ಲಂಗಕ್ಕೆಂದು ಕಂಪನಿಯೇ ಕೊಟ್ಟಿದ್ದ ಒಂದು ಆಕಾರವಿತ್ತು, ಅದನ್ನು ತೊಟ್ಟ ಎಂಥ ಬಳುಕುವ ಬಳ್ಳಿಯ ಪೃಷ್ಠವೂ ಬಲೂನಾಗುತ್ತಿತ್ತು. ಹಳಬರು ಈಗಲೂ ಅದನ್ನು ನೆನೆದು ನಗುತ್ತಾರೆ.

2006ರಲ್ಲಿ ಗಾಳಿಗೆ ತೂಗಾಡುವ ತುಂಡುಗಳು ಬಂದವು. ಉದ್ದನೆಯ ಪಟ್ಟಿಗಳನ್ನು ಸೊಂಟದ ಸುತ್ತ ಜೋಡಿಸಿದರೆ ಲಂಗ; ನಡೆದರೆ ಬೀಸುತ್ತಿತ್ತು, ಕಾಲು ಅದರೊಳಗಿಂದ ತೂರಿ ಹೊರಬರುತ್ತಿತ್ತು ಅನ್ನುವುದು ಬೇರೆ. 2011ರಲ್ಲಿ ಹೊರಗಿನ ತಂತ್ರಾಂಶದಲ್ಲಿ ಕಡೆದ, ‘ಮೆಶ್’ ಎಂಬ ಮೂರು ಆಯಾಮದ ಆಕಾರಗಳನ್ನು ತರಲು ಅನುಮತಿ ಸಿಕ್ಕಿತು. ಕಾಲರಿಗೆ ಅಂಚು ಬಂತು, ಗುಂಡಿಗೆ ಉಬ್ಬು ಬಂತು, ತೋಳಿನ ಪಫ್‌ಗೆ ನಿಜವಾದ ಗಾಳಿ ತುಂಬಿಕೊಂಡಿತು. 2014ರ ಹೊತ್ತಿಗೆ ಬಟ್ಟೆಯಷ್ಟೇ ಅಲ್ಲ, ಮೈಯನ್ನೇ ಅಂಗಡಿಯಿಂದ ಕೊಳ್ಳುವ ರೂಢಿ ಬಿತ್ತು. ಮೈಟ್ರೇಯಾ ಎಂಬ ಅಂಗಡಿಯ ‘ಲಾರಾ’ ದೇಹ ಎಷ್ಟು ಜನಪ್ರಿಯವಾಯಿತೆಂದರೆ, ವರ್ಷಗಟ್ಟಲೆ ವಿನ್ಯಾಸಕರು ಮೊದಲು ಅದರ ಅಳತೆಗೆ ಹೊಲಿದು ಆಮೇಲೆ ಉಳಿದವರ ಬಗ್ಗೆ ಯೋಚಿಸುತ್ತಿದ್ದರು.

ಮೆಶ್ ಬಟ್ಟೆ ಚೆಂದ, ಆದರೆ ಅದಕ್ಕೆ ಗುರುತ್ವಾಕರ್ಷಣೆ ಗೊತ್ತಿಲ್ಲ. ಬಟ್ಟೆಯ ಪ್ರತಿ ಬಿಂದುವನ್ನೂ ಅವತಾರದ ಯಾವುದಾದರೂ ಮೂಳೆಗೆ ಕಟ್ಟಿರುತ್ತಾರೆ. ಮೂಳೆ ಹೋದತ್ತ ಬಟ್ಟೆ. ಹಾಗಾಗಿ ಯಾವ ದಶಕ ಈ ಮೈಗೆ ಒಗ್ಗುತ್ತದೆ ಅನ್ನುವುದನ್ನು ಅಭಿರುಚಿಗಿಂತ ಹೆಚ್ಚಾಗಿ ಮೂಳೆಯೇ ತೀರ್ಮಾನಿಸುತ್ತದೆ. ಇಪ್ಪತ್ತರ ದಶಕದ ಸೊಂಟವಿಲ್ಲದ ನೇರ ಫ್ರಾಕು ಸಲೀಸು. ನಲವತ್ತರ ದಶಕದ ಮೊಣಕಾಲುದ್ದದ ಬಿಗಿ ಲಂಗ ಇನ್ನೂ ಸಲೀಸು. ಯುದ್ಧಕಾಲದ ಸರ್ಕಾರಗಳು ಬಟ್ಟೆ ಉಳಿಸಲು ನೆರಿಗೆ, ಮಡಿಕೆಗಳಿಗೆ ಕತ್ತರಿ ಹಾಕಿದ್ದು ಎಂಬತ್ತು ವರ್ಷದ ನಂತರದ ಕಂಪ್ಯೂಟರ್ ದರ್ಜಿಗಳಿಗೆ ಉಪಕಾರವೇ ಆಯಿತು. ತೊಂದರೆ ಕೊಡುವುದು 1947ರ ಫೆಬ್ರುವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಪ್ರದರ್ಶಿಸಿದ, ‘ನ್ಯೂ ಲುಕ್’ ಎಂದು ಹೆಸರಾದ ಆ ಅಗಲ ಲಂಗ. ಗಜಗಟ್ಟಲೆ ಬಟ್ಟೆ, ಒಳಗೆ ಪೆಟಿಕೋಟು, ಹಿಡಿಯಷ್ಟು ಸೊಂಟ. ನಿಂತ ಅವತಾರದ ಮೇಲೆ ಅದು ಮಹಾರಾಣಿ. ಎರಡು ಹೆಜ್ಜೆ ಇಟ್ಟರೆ ತೊಡೆಗಳ ಜೊತೆ ಲಂಗವೂ ಪಾಯಿಜಾಮದಂತೆ ಎರಡಾಗಿ ಸೀಳಿದ ಹಾಗೆ ಕಾಣುತ್ತದೆ. ಕೂತರೆ ಕುರ್ಚಿಯೊಳಗೆ ಇಳಿದುಹೋಗುತ್ತದೆ. ಆದ್ದರಿಂದ ನ್ಯೂ ಲುಕ್ ಉಟ್ಟವರು ಫೋಟೊ ತೆಗೆಸಿಕೊಳ್ಳುತ್ತಾರೆ, ನಡೆಯುವುದಿಲ್ಲ.

ಮೈಗೂ ಬಟ್ಟೆಗೂ ಇರುವ ಲೆಕ್ಕಾಚಾರ ಇಲ್ಲಿ ತಿರುಗುಮುರುಗಾಗಿದೆ. ಐವತ್ತರ ದಶಕದ ಹೆಣ್ಣಿನ ಆ ಮರಳುಗಡಿಯಾರದ ಆಕಾರ ದೇವರು ಕೊಟ್ಟದ್ದಲ್ಲ, ಬಿಗಿ ಒಳಉಡುಪು ಹಿಂಡಿ ಕೊಟ್ಟದ್ದು. ಸೆಕೆಂಡ್ ಲೈಫ್‌ನಲ್ಲಿ ಹಿಂಡುವ ಕೆಲಸವನ್ನು ಸ್ಲೈಡರ್‌ಗಳು ಮಾಡುತ್ತವೆ. ಸೊಂಟ, ಭುಜ, ಎದೆ, ಕಾಲುದ್ದ ಎಲ್ಲಕ್ಕೂ ಸೊನ್ನೆಯಿಂದ ನೂರರವರೆಗೆ ಒಂದೊಂದು ಗೀಟು, ಎಳೆದಷ್ಟು ಬಂತು. ಬಟ್ಟೆಯ ಅಡಿಯಿಂದ ಚರ್ಮ ಇಣುಕಿದರೆ ಮೈಯ ಆ ಭಾಗವನ್ನೇ ಅದೃಶ್ಯ ಮಾಡಿಬಿಡುತ್ತಾರೆ. ಕತ್ತಿನಿಂದ ಕಾಲಿನವರೆಗೆ ತುಂಬು ಗೌನು ತೊಟ್ಟು ನಿಂತ ಸುಂದರಿಯ ಗೌನು ತೆಗೆದರೆ, ಒಂದು ತಲೆ, ಎರಡು ಮುಂಗೈ, ಎರಡು ಪಾದ ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ.

ಹಳೇ ಕಾಲದ ನೋಟ ಬೇಕೆಂದು ಬರುವ ಹೊಸಬರು ಮೊದಲು ಬಟ್ಟೆ ಅಂಗಡಿಗೆ ಓಡುತ್ತಾರೆ. ನನ್ನ ಮಟ್ಟಿಗೆ ಬಟ್ಟೆಯದು ಕೊನೆಯ ಸರದಿ. ಮೊದಲು ಎತ್ತರ ಇಳಿಸಿ. ಅಲ್ಲಿನ ಅವತಾರಗಳು ಸಾಮಾನ್ಯವಾಗಿ ಆರೂವರೆ, ಏಳು ಅಡಿ. ಕ್ಯಾಮೆರಾ ತಲೆಯ ಹಿಂದೆ ಎತ್ತರದಲ್ಲಿ ತೂಗುವುದರಿಂದ ಮನೆಗಳನ್ನೂ ದೊಡ್ಡದಾಗಿ ಕಟ್ಟಿದರು, ಮನೆಗೆ ತಕ್ಕಂತೆ ಮನುಷ್ಯರೂ ಬೆಳೆದರು. ಏಳಡಿ ಹೆಂಗಸು 1925ರ ಕೆಫೆಯ ಕುರ್ಚಿಯಲ್ಲಿ ಕೂತರೆ ಅಂಗನವಾಡಿ ಬೆಂಚಿನ ಮೇಲೆ ಕೂತ ಹಾಗಿರುತ್ತದೆ, ಟೋಪಿ ಎಷ್ಟು ಚೆನ್ನಾಗಿದ್ದರೂ ದಂಡ.

ಆಮೇಲೆ ಹುಬ್ಬು. ಇಪ್ಪತ್ತು, ಮೂವತ್ತರ ದಶಕದ್ದು ದಾರದಷ್ಟು ತೆಳು. ಅಂಗಡಿಯ ಮುಖಗಳಿಗೆ ಈಗಿನ ದಪ್ಪ ಹುಬ್ಬು ಬರೆದಿರುತ್ತಾರೆ. ಹುಬ್ಬಿಲ್ಲದ ಚರ್ಮವನ್ನೇ ಕೇಳಿ ಪಡೆದು ಅದರ ಮೇಲೆ ಬೇರೆ ಹುಬ್ಬು ಹಚ್ಚಬೇಕು. ಇಷ್ಟು ಮಾಡಿದರೆ ಅರ್ಧ ದಶಕ ಬಂದ ಹಾಗೆ.

ಕೂದಲಿನದು ದೊಡ್ಡ ಕತೆ. ನಲವತ್ತರ ದಶಕದಲ್ಲಿ ಹಣೆಯ ಮೇಲೆ ಎರಡು ಸುರುಳಿ ಸುತ್ತಿ ನಿಲ್ಲಿಸುವ ‘ವಿಕ್ಟರಿ ರೋಲ್’ಗೆ ನಿಜ ಜೀವನದಲ್ಲಿ ಪಿನ್ನು, ತಾಳ್ಮೆ, ಬೆಳಗಿನ ಅರ್ಧ ಹೊತ್ತು ಬೇಕು. ಇಲ್ಲಿ ಒಂದು ಕ್ಲಿಕ್. ಆದರೆ ಅದರ ಮೇಲೆ ಆ ಕಾಲದ ಜಾಲರಿ ಮುಸುಕಿನ ಪುಟ್ಟ ಟೋಪಿ ಇಟ್ಟು ನೋಡಿ. ಕೂದಲು ಅನ್ನುವುದು ತೆಳು ಹಾಳೆಗಳ ಮೇಲೆ ಬರೆದ ಎಳೆಗಳು. ಎಳೆಗಳ ನಡುವಿನ ಜಾಗ ಪಾರದರ್ಶಕ. ಜಾಲರಿಯೂ ಪಾರದರ್ಶಕ. ಎರಡು ಪಾರದರ್ಶಕ ಹಾಳೆಗಳು ಒಂದರ ಹಿಂದೊಂದು ಬಂದಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಕಂಪ್ಯೂಟರ್ ತಬ್ಬಿಬ್ಬಾಗುತ್ತದೆ. ತಲೆ ಸ್ವಲ್ಪ ತಿರುಗಿಸಿದರೆ ಮುಸುಕಿನ ಹಿಂದಿನ ಸುರುಳಿ ಮಾಯ, ಇನ್ನಷ್ಟು ತಿರುಗಿಸಿದರೆ ಸುರುಳಿ ಹಾಜರು, ಮುಸುಕು ಮಾಯ. ಇದಕ್ಕೆಂದೇ ಅನುಭವಿಗಳು ಕೂದಲು, ಟೋಪಿ ಒಟ್ಟಿಗೇ ಬರುವ ಸೆಟ್ ಕೊಳ್ಳುತ್ತಾರೆ. ಇಪ್ಪತ್ತರ ದಶಕದ, ಕಿವಿ ಮುಚ್ಚುವ ಗಂಟೆಯಾಕಾರದ ಕ್ಲೋಶ್ ಟೋಪಿಗೆ ಈ ರಗಳೆ ಕಡಿಮೆ. ಕೆನ್ನೆಯ ಮೇಲೆ ಎರಡು ಗುಂಗುರು ಕಂಡರೆ ಸಾಕು.

ನಡಿಗೆಯನ್ನು ಬಹಳ ಜನ ಮರೆಯುತ್ತಾರೆ. ಹೊಸ ಅವತಾರಕ್ಕೆ ಕಂಪನಿ ಕೊಡುವ ನಡಿಗೆ ಬಾತುಕೋಳಿಯದು. ಅದನ್ನು ತೆಗೆದು ಬೇರೆ ಚಲನೆ ಹಾಕಲು ‘ಎಓ’ ಎಂಬ ಸಾಧನ ಬಳಸುತ್ತಾರೆ. ಅಲ್ಲೂ ಅಂಗಡಿಯ ಸರಕೆಲ್ಲ ಈಗಿನ ರ‍್ಯಾಂಪ್ ಮಾಡೆಲ್‌ಗಳದೇ, ಸೊಂಟ ಒಂದು ಕಡೆ, ತೋಳು ಇನ್ನೊಂದು ಕಡೆ. 1942ರ ಟೈಪಿಸ್ಟ್ ಹೀಗೆ ನಿಲ್ಲುತ್ತಿದ್ದಳೇ? ಪಾದ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯಲ್ಲಿ ಪರ್ಸು ಹಿಡಿದು ನಿಲ್ಲುವ ಒಂದು ಸಾದಾ ಭಂಗಿ ಹುಡುಕಿ ಹಾಕಿಕೊಂಡರೆ, ಸಾಧಾರಣ ಸೂಟಿಗೂ ಕಾಲ ಅಂಟಿಕೊಳ್ಳುತ್ತದೆ. ಬೆಳಕೂ ಅಷ್ಟೇ. ಆಕಾಶದ ಬಣ್ಣ, ಸೂರ್ಯನ ಕೋನ ಎಲ್ಲವನ್ನೂ ನಮಗೆ ಬೇಕಾದಂತೆ ಬದಲಿಸಬಹುದು. ಫೋಟೊ ತೆಗೆದು ಸುಮ್ಮನೆ ಕಂದು ಬಣ್ಣ ಹಚ್ಚಿ ‘ಹಳೇದು’ ಎನ್ನುವವರ ಬಗ್ಗೆ ನನಗೆ ಅಸಹನೆ ಇದೆ. ಆ ಕಾಲದವರು ಕಂದು ಲೋಕದಲ್ಲಿ ಬದುಕಿರಲಿಲ್ಲ.

ಈ ಶಿಸ್ತನ್ನು ಒಂದಿಡೀ ಊರಿಗೆ ಹೇರಿದ ಉದಾಹರಣೆ ‘1920ರ ದಶಕದ ಬರ್ಲಿನ್’. ಜೋ ಯಾರ್ಡ್ಲಿ ಎಂಬ ಅವತಾರನಾಮದ ಡಚ್ ಮಹಿಳೆ 2009ರಲ್ಲಿ ಇದನ್ನು ಶುರು ಮಾಡಿದರು. ಬೀದಿ, ಬಾಡಿಗೆ ಮನೆ, ಹೋಟೆಲು, ಕುಣಿತದ ಅಡ್ಡೆ ಎಲ್ಲ ಜರ್ಮನಿಯ ವೈಮಾರ್ ಗಣರಾಜ್ಯದ ಕಾಲದ್ದು. ಕಟ್ಟಡಗಳು ನಿಜ ಮನುಷ್ಯರ ಅಳತೆಗೆ. ನಿಯಮ ಒಂದೇ: ಆ ಕಾಲದ ಉಡುಗೆಯಲ್ಲಿ ಬನ್ನಿ, ಇಲ್ಲವೇ ಬರಬೇಡಿ. ಇಲ್ಲದವರಿಗೆ ಬಿಟ್ಟಿ ಬಟ್ಟೆಯೂ ಸಿಗುತ್ತಿತ್ತು. ನೋಡಲು ಇದು ದಬ್ಬಾಳಿಕೆಯಂತಿದ್ದರೂ ಪರಿಣಾಮ ಬೇರೆಯೇ. ಜೀನ್ಸ್ ತೊಟ್ಟ ಒಬ್ಬನೇ ಒಬ್ಬ ಬೀದಿಯಲ್ಲಿ ನಿಂತರೂ ಉಳಿದ ನೂರು ಕ್ಲೋಶ್ ಟೋಪಿಗಳು ಛದ್ಮವೇಷವಾಗಿಬಿಡುತ್ತವೆ. ಆತ ಇಲ್ಲದಿದ್ದರೆ ಅವು ಬರೀ ಟೋಪಿಗಳು, ಜನ ಅದರ ಗೊಡವೆ ಮರೆತು ರೊಟ್ಟಿಯ ಬೆಲೆ, ಬಾಡಿಗೆ ಅಂತ ಮಾತಿಗೆ ಇಳಿಯಬಹುದು.

ಸೀರೆ ಉಡಿಸಬಹುದೇ ಎಂದು ಈ ಹೊತ್ತಿಗೆ ಓದುಗರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಉಡಿಸಬಹುದು, ಆದರೆ ಉಡುವುದಲ್ಲ, ತೊಡುವುದು. ಕಡೆದಿಟ್ಟ ಒಂದೇ ಅಚ್ಚು, ನೆರಿಗೆ ಮೊದಲೇ ಹಿಡಿದದ್ದು, ಸೆರಗು ಭುಜಕ್ಕೆ ಶಾಶ್ವತವಾಗಿ ಅಂಟಿದ್ದು. ಸೆರಗು ಸರಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದಾಗಲಿ, ತಲೆಗೆ ಹೊದೆಯುವುದಾಗಲಿ ಸಾಧ್ಯವಿಲ್ಲ. ಹೊಲಿಗೆಯಿಲ್ಲದ ಬಟ್ಟೆಯ ಅರ್ಧ ಚೆಂದ ಉಟ್ಟವರ ಕೈಯಲ್ಲಿದೆ. ಆ ಕೈಗೆ ಇಲ್ಲಿ ಕೆಲಸವಿಲ್ಲ.

ಇನ್ನು ಕೊನೆಯ ಸರದಿ ಎಂದಿದ್ದ ಬಟ್ಟೆಯ ವಿಷಯ. ಈಗಿನ ಒಳ್ಳೆಯ ವಿನ್ಯಾಸಕರು ಕೊರಿಯಾದ ಮಾರ್ವೆಲಸ್ ಡಿಸೈನರ್ ಎಂಬ ತಂತ್ರಾಂಶದಲ್ಲಿ ನಿಜವಾದ ದರ್ಜಿಯಂತೆಯೇ ಕತ್ತರಿಸುತ್ತಾರೆ. ಮುಂಭಾಗ, ಹಿಂಭಾಗ, ತೋಳು, ಕಾಲರ್ ಎಂದು ಚಪ್ಪಟೆ ತುಂಡುಗಳನ್ನು ಬರೆದು ಅಂಚಿಗೆ ಅಂಚು ಹೊಲಿದರೆ, ಪರದೆಯ ಮೇಲಿನ ಗೊಂಬೆಯ ಮೈಮೇಲೆ ಬಟ್ಟೆ ಜೋತು ಬೀಳುತ್ತದೆ. ಹತ್ತಿಗೆ ಹತ್ತಿಯ ಬಿಗುವು, ರೇಷ್ಮೆಗೆ ರೇಷ್ಮೆಯ ಜಾರು. ಬಟ್ಟೆಯ ಎಳೆಯ ದಿಕ್ಕನ್ನೂ ತಿರುಗಿಸಬಹುದು. ವಿನ್ಯಾಸಕಿ ಮಡ್ಲೀನ್ ವಿಯೋನೆ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಹೆಸರೆಲ್ಲ ಈ ಕ್ರಾಸ್ ಕಟ್‌ನಿಂದ ಬಂದದ್ದು: ಬಟ್ಟೆಯನ್ನು 45 ಡಿಗ್ರಿ ಓರೆಗೆ ತಿರುಗಿಸಿ ಕತ್ತರಿಸಿದರೆ ಅದು ಹಿಗ್ಗಿ ಮೈಗೆ ನೀರಿನಂತೆ ಒರಗುತ್ತದೆ. ನಮ್ಮ ಟೈಲರ್‌ಗಳ ಕ್ರಾಸ್ ಕಟ್ ಬ್ಲೌಸಿನ ಗುಟ್ಟೂ ಇದೇ. ಆದರೆ ಸೆಕೆಂಡ್ ಲೈಫ್‌ಗೆ ಬರುವ ಹೊತ್ತಿಗೆ ಆ ಒರಗು ಹೆಪ್ಪುಗಟ್ಟಿರುತ್ತದೆ. ಒಂದು ಗಳಿಗೆಯಲ್ಲಿ ಬಿದ್ದ ಮಡಿಕೆ, ಅದರ ನೆರಳು ಎರಡನ್ನೂ ಚಿತ್ರವಾಗಿ ಅಚ್ಚೊತ್ತಿ ಕಳಿಸುತ್ತಾರೆ. ಅವತಾರ ಬಗ್ಗಿದರೂ ಮಡಿಕೆ ನಿಂತ ಕಾಲದ್ದೇ.

ಅಚ್ಚೊತ್ತುವಾಗಲೇ ಹಳತನವನ್ನೂ ಬಳಿಯುತ್ತಾರೆ. ಮೊಣಕೈಯ ಬಳಿ ಮಾಸಿದ ಬಣ್ಣ, ಚರ್ಮದ ಚೀಲದ ಅಂಚಿನ ಸವೆತ, ಲೇಸಿಗೆ ಕೊಂಚ ಹಳದಿ. ಈ ಲೋಕದಲ್ಲಿ ಬಟ್ಟೆ ಎಂದೂ ಸವೆಯುವುದಿಲ್ಲ, ಮಾಸುವುದಿಲ್ಲ, ಹುಳು ತಿನ್ನುವುದಿಲ್ಲ. ಹಾಗೆಂದು ಹಳತಾಗುವುದೂ ಇಲ್ಲವೇ? ಹೊರಗಿನದಕ್ಕಿಂತ ಬೇಗ ಆಗುತ್ತದೆ. 2014ರ ಮೈಗೆ ಹೊಲಿದ ಫ್ರಾಕು ಅದೇ ಅಂಗಡಿಯ ಹೊಸ ಮೈಗೆ ಸರಿಯಾಗಿ ಕೂರುವುದಿಲ್ಲ. 2006ರ ಲಂಗ ಈಗಿನ ಮೈಗಳಿಗೆ ಒಗ್ಗುವುದೇ ಕಷ್ಟ. ಅಜ್ಜಿಯ ರವಿಕೆಯನ್ನು ಬಿಚ್ಚಿ ಮೊಮ್ಮಗಳಿಗೆ ಹೊಲಿದ ಹಾಗೆ ಇದನ್ನು ಬಿಚ್ಚಿ ಹೊಲಿಯುವ ಹಾಗಿಲ್ಲ, ಬಹುತೇಕ ಬಟ್ಟೆಗಳನ್ನು ತಿದ್ದಲು ಮಾಡಿದವರ ಅನುಮತಿಯೇ ಇರುವುದಿಲ್ಲ. ಇದ್ದರೂ ಬಣ್ಣ ಬದಲಿಸಬಹುದು, ಹೊಲಿಗೆ ಬಿಚ್ಚಲಾಗದು. ಬ್ರಿಟನ್ನಿನಲ್ಲಿ ಇದ್ದುದನ್ನೇ ಸರಿಮಾಡಿ ಉಡಿ ಎಂದು 1943ರಲ್ಲಿ ಸರ್ಕಾರ ಪುಸ್ತಿಕೆ ಹೊರಡಿಸಿತ್ತು. ಆ ಕಾಲದ ಉಡುಪನ್ನು ಇಷ್ಟು ಶ್ರದ್ಧೆಯಿಂದ ನಕಲು ಮಾಡುವ ಲೋಕದಲ್ಲಿ ತೇಪೆಗೇ ಜಾಗವಿಲ್ಲ. ಒಂದು ವಿಚಿತ್ರ ಸಮಾಧಾನವೂ ಇದೆ: 2019ರಲ್ಲಿ ಬಂದ ಒಂದು ತಾಂತ್ರಿಕ ಬದಲಾವಣೆಯಿಂದಾಗಿ, ಮೈಗೆ ಬಳಿಯುತ್ತಿದ್ದ ಆ ಮೊದಲಿನ ಚಿತ್ರಬಟ್ಟೆಗಳನ್ನು ಮೆಶ್ ದೇಹದ ಮೇಲೂ ಹಾಕಬಹುದು. ವರ್ಷಗಟ್ಟಲೆ ಪೆಟ್ಟಿಗೆಯ ತಳದಲ್ಲಿದ್ದ ಸ್ಟಾಕಿಂಗ್ಸ್ ಮತ್ತೆ ಕಾಲೇರಿತು. ನಡುವೆ ಬಂದ 2012ರ ಮೆಶ್ ಗೌನುಗಳು ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹೊರಗಿನ ಜಗತ್ತಿನಲ್ಲಿ ವಿಂಟೇಜ್ ಎಂದರೆ ಇನ್ನೊಬ್ಬರು ಉಟ್ಟು ಬಿಟ್ಟದ್ದು. ಸೆಕೆಂಡ್ ಲೈಫ್‌ನ ವಿಂಟೇಜ್ ಪೂರ್ತಿ ಹೊಚ್ಚಹೊಸದು. ಕೊಂಡ ಬಟ್ಟೆಯ ಪ್ರತಿಗಳನ್ನು ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಹೆಚ್ಚಿನ ಅಂಗಡಿಗಳ ನಿಯಮ ಇದೇ. ಕಳ್ಳ ನಕಲಿನ ಭಯ ಇರುವಲ್ಲಿ ಅವರನ್ನು ದೂರುವಂತೆಯೂ ಇಲ್ಲ. ಇದಕ್ಕೆ ದೊಡ್ಡ ಅಪವಾದ ಗಾಚಾ ಯಂತ್ರಗಳು: ಕಾಸು ಹಾಕಿದರೆ ಹತ್ತು ಹನ್ನೆರಡು ವಸ್ತುಗಳಲ್ಲಿ ಯಾವುದೋ ಒಂದು ಬೀಳುವ ಅದೃಷ್ಟದಾಟ. ಅದರಲ್ಲಿ ಬಂದದ್ದನ್ನು ನಕಲು ಮಾಡಲಾಗದು, ಮಾರಬಹುದಿತ್ತು. ಹಾಗಾಗಿ ಸಂತೆಗಳು ಹುಟ್ಟಿಕೊಂಡವು, ಚೌಕಾಸಿ ನಡೆಯಿತು, ಅಪರೂಪದ ಟೋಪಿಯೊಂದು ಕೈಯಿಂದ ಕೈಗೆ ಹೋಯಿತು. ಅಂಥ ಅದೃಷ್ಟದ ಮಾರಾಟದ ಮೇಲೆ ಕಾನೂನಿನ ಕಣ್ಣು ಬೀಳುತ್ತಿದೆಯೆಂದು ಕಂಪನಿ 2021ರ ಸೆಪ್ಟೆಂಬರ್‌ನಿಂದ ಗಾಚಾ ನಿಷೇಧಿಸಿತು. ಜೂಜು ಹೋದದ್ದು ಒಳ್ಳೆಯದೇ. ಜೊತೆಗೆ ಗುಜರಿ ಸಂತೆಯ ಹೊಸ ಸರಕೂ ನಿಂತಿತು. ನಿಷೇಧಕ್ಕೆ ಮುಂಚೆ ಕೊಂಡದ್ದನ್ನು ಮರುಮಾರಾಟ ಮಾಡಲು ಅಡ್ಡಿಯಿಲ್ಲದ್ದರಿಂದ, ಅಲ್ಲಿ ನಿಜವಾದ ಅರ್ಥದಲ್ಲಿ ವಿಂಟೇಜ್ ಎನ್ನಬಹುದಾದದ್ದು ಆ ಉಳಿಕೆ ಸರಕು ಮಾತ್ರ. ಮರುಮಾರಾಟಕ್ಕೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಲೋಕದ ನಿದರ್ಶನವಿದೆ. 2021ರಲ್ಲಿ ರೋಬ್ಲಾಕ್ಸ್‌ನಲ್ಲಿ ಗುಚ್ಚಿಯ ಒಂದು ವರ್ಚುವಲ್ ಕೈಚೀಲ ನಾಲ್ಕು ಸಾವಿರ ಡಾಲರ್‌ಗೂ ಮೇಲೆ ಬಿಕರಿಯಾಯಿತು, ಅಸಲಿ ಚೀಲಕ್ಕಿಂತ ದುಬಾರಿಯಾಗಿ.

ಸೆಕೆಂಡ್ ಲೈಫ್‌ನಲ್ಲಿ ಅಂಥ ಹುಚ್ಚು ಬೆಲೆಯಿಲ್ಲ. ಸುಮಾರು 250 ಲಿಂಡನ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್. ಒಳ್ಳೆಯ ಫ್ರಾಕಿಗೆ ಆಸುಪಾಸು ಅಷ್ಟೇ. ಈ ಚಿಲ್ಲರೆ ಕಾಸಿನ ವ್ಯಾಪಾರದಲ್ಲೂ ಮನುಷ್ಯರು ಕಾಣುತ್ತಾರೆ. ಹಳೇ ಕಾಲದ ವೈಭವದ ಗೌನು, ಒಡವೆಗಳಿಗೆ ಹೆಸರಾಗಿದ್ದ ಡೋನಾ ಫ್ಲೋರಾ ಎಂಬ ಅಂಗಡಿಯ ಇಟಲಿಯ ಒಡತಿ ಕ್ಯಾನ್ಸರಿಗೆ ತುತ್ತಾದಾಗ, 2013ರಲ್ಲಿ ಉಳಿದ ವಿನ್ಯಾಸಕರು ಸೇರಿ ಆಕೆಗಾಗಿ ಮಾರಾಟ ಮೇಳ ನಡೆಸಿದರು. ಅದೇ ವರ್ಷ ಆಕೆ ತೀರಿಕೊಂಡರು. ಕೂದಲಿನ ಅಂಗಡಿಗಳು ಸೇರಿ ನಡೆಸುವ ಹೇರ್ ಫೇರ್‌ನ ಒಂದು ಪಾಲು, ಕಾಯಿಲೆಯಿಂದ ಕೂದಲು ಕಳೆದುಕೊಂಡ ಮಕ್ಕಳಿಗೆ ವಿಗ್ ಕೊಡುವ ಸಂಸ್ಥೆಗೆ ಹೋಗುತ್ತದೆ.

ಹೋಗಿ ನೋಡಬೇಕೆನ್ನುವವರಿಗೆ ಒಂದಷ್ಟು ಮಾತು. ಖಾತೆ ತೆರೆಯಲು ದುಡ್ಡು ಬೇಕಿಲ್ಲ. ನಲವತ್ತರ ದಶಕದ ಬಿಗಿ ಲಂಗದಿಂದ ಶುರು ಮಾಡಿ, ನ್ಯೂ ಲುಕ್ಕಿನ ಗೊಡವೆಗೆ ಆಮೇಲೆ ಹೋಗಿ. ಬಹುತೇಕ ಪ್ರತಿ ಬಟ್ಟೆಗೂ ‘ಡೆಮೊ’ ಎಂಬ ಪುಕ್ಕಟೆ ಮಾದರಿ ಇರುತ್ತದೆ. ಅದನ್ನು ಹಾಕಿಕೊಂಡು ನಡೆಯಿರಿ, ಕೂರಿ, ಹಿಂದಿರುಗಿ ನೋಡಿ. ಬೆಲೆಯ ಜೊತೆಗೆ ಅನುಮತಿಯ ಸಾಲನ್ನೂ ಓದಿ. ಇನ್ನೊಬ್ಬರಿಗೆ ಕೊಡಬಹುದಾದ ವಸ್ತು ಅಪರೂಪಕ್ಕೆ ಕಣ್ಣಿಗೆ ಬಿದ್ದರೆ, ಎರಡು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ.